ಮೂಳೆ ಡಾಕ್ಟರ ಎಡಗೈ

ಅವರ ಎಡಗೈ ಮೊಣಕೈಯ ಬಳಿ ಒಳಕ್ಕೆ ಬಾಗಿತ್ತು. ಬಲಗೈಯೋ ಏನೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಚಿತ್ರದುರ್ಗದ ಆ ಮೂಳೆ ಡಾಕ್ಟರನ್ನು ಮೊದಲು ಕಂಡದ್ದು ನೋವಿನಲ್ಲಿ. ನೋವಿನಲ್ಲಿ ಎಡಬಲ ತಪ್ಪುತ್ತದೆ.

ಆಗ ಹೊಳಲ್ಕೆರೆಯಲ್ಲಿ ಉಪನ್ಯಾಸಕನಾಗಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಭೀಮಸಮುದ್ರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮುಂಗೈ ಮುರಿದಾಗ, ಎತ್ತಿದವರು ನೇರ ನಾಟಿ ವೈದ್ಯರ ಬಳಿ ಕರೆದೊಯ್ದರು. ಆ ವೈದ್ಯರು ಬಿದಿರು ದಬ್ಬೆ ಇಟ್ಟು ಬಟ್ಟೆ ಬಿಗಿದರು. ಮರುದಿನ ಬೆರಳುಗಳು ನೀಲಿಗಟ್ಟಿ ತಣ್ಣಗಾದಾಗ ಚಿತ್ರದುರ್ಗದ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಎಕ್ಸ್‌ರೇ ಕೇಳುವ ಮೊದಲೇ ಬೆರಳ ತುದಿ ಮುಟ್ಟಿ ನೋಡಿ, ಕಟ್ಟು ಕತ್ತರಿಸಿದರು.

"ಓದಿದೋರೇ ಹಿಂಗ್ ಮಾಡಿದ್ರೆ ಹೆಂಗ್ರಿ?" ಎಂದು ನರ್ಸ್ ಗದರಿದರು.

"ಬೈಬ್ಯಾಡ ಕಣಮ್ಮ. ಕಟ್ಟಿರೋದು ನೀಟಾಗೈತೆ. ಬಿಗಿ ಜಾಸ್ತಿ ಆಗೈತೆ, ಅಷ್ಟೆ," ಎಂದರು ಡಾಕ್ಟರು.

"ಕೈ ಉಳಿಯುತ್ತಾ ಸಾರ್?"

"ಇನ್ನೂ ಗೊತ್ತಿಲ್ಲ. ಕುಂತ್ಕಳ್ರಿ."

ಬೆರಳಿಗೆ ಬಣ್ಣ ಮರಳುವವರೆಗೆ ಅವರು ನನ್ನ ಕೈ ಬಿಡಲಿಲ್ಲ. ಆಮೇಲೆ ಪ್ಲೇಟು ಹಾಕಿ ಮೂಳೆ ಕೂಡಿಸಿದರು.

ಹಿರಿಯೂರು, ಹೊಸದುರ್ಗದಿಂದೆಲ್ಲ ಜನ ಅವರಲ್ಲಿಗೆ ಬರುತ್ತಿದ್ದರು. ಮಂಡಿ ಬದಲಾಯಿಸುವವರು ಬೇರೆ, ಬೆನ್ನುಹುರಿ ಮುಟ್ಟುವವರು ಬೇರೆ, ಮಕ್ಕಳ ಸೊಟ್ಟ ಪಾದ ತಿದ್ದುವವರು ಬೇರೆ ಎಂದು ಬೇಸರವಿಲ್ಲದೆ ವಿವರಿಸಿ, ತಾವೇ ಫೋನು ಮಾಡಿ ದಾವಣಗೆರೆಗೋ ಬೆಂಗಳೂರಿಗೋ ಕಳಿಸುತ್ತಿದ್ದರು. "ನಂದು ಮುರಿದಿದ್ದು ಕೂಡ್ಸೋದು ಅಷ್ಟೆ. ಕೂಡಿದ ಮ್ಯಾಲೆ ಯಾರೂ ಬರಲ್ಲ. ಬರಬಾರ್ದು ಕೂಡ."

ನಾನು ಮಾತ್ರ ಹೋಗುತ್ತಿದ್ದೆ. ಆಸ್ಪತ್ರೆಯ ಮೇಲಿನ ಮನೆಯಲ್ಲಿ ಅವರೂ ಒಬ್ಬರೇ. ಕದ ತೆಗೆದ ತಕ್ಷಣ ನನ್ನ ಬೆರಳು ಮುಟ್ಟಿ, "ಏನಾಗೈತೆ?" ಎನ್ನುವರು.

"ಏನಿಲ್ಲ ಸಾರ್, ಸುಮ್ನೆ ಬಂದೆ."

ಏನೂ ಮುರಿಯದವನನ್ನು ಏನು ಮಾಡಬೇಕೆಂದು ತಿಳಿಯದೆ ಟೀಗೆ ನೀರಿಡುವರು. ಹಾಗೊಮ್ಮೆ ಟೀ ಸೋಸುವಾಗ ಆ ಸೊಟ್ಟ ಕೈಯ ಬಗ್ಗೆ ಕೇಳಿದೆ. ಚಿಕ್ಕಂದಿನಲ್ಲಿ ಬಿದ್ದು ಮುರಿದದ್ದಂತೆ.

"ಯಾರು ಕಟ್ಟಿದ್ದು ಸಾರ್?"

"ನಮ್ಮಪ್ಪ. ಊರಿಗೆಲ್ಲ ಅವರೇ ಕಟ್ಟೋರು."

ನಿಜಕ್ಕೂ ಹಾಗೆ ಹೇಳಿದರೇ? ಇಷ್ಟು ಚೆನ್ನಾಗಿ ಹೊಂದುವ ಮಾತು ನನಗೆ ಅನುಮಾನ ತರುತ್ತದೆ. ಅಂದು ನರ್ಸಿಗೆ "ಬೈಬ್ಯಾಡ" ಎಂದದ್ದಕ್ಕೆ ಕಾರಣ ಹುಡುಕುತ್ತಾ ನಾನೇ ಕಟ್ಟಿಕೊಂಡಿರಬಹುದು.

ಕಳೆದ ವರ್ಷ ಅವರು ತೀರಿಕೊಂಡರು. ಈಗ ಆ ಮಹಡಿ ಹತ್ತಲು ನನಗೆ ಕಾರಣವಿಲ್ಲ. ಮದಕರಿಪುರದಲ್ಲಿರುವ ಅವರ ಅಕ್ಕನನ್ನು ಹುಡುಕಿಕೊಂಡು ಹೋಗಿ ಕೇಳಿದೆ.

"ಎಡಗೈನೇ ಕಣಪ್ಪ," ಎಂದರು ಆಕೆ. "ನಮ್ಮಪ್ಪನೇ ಕಟ್ಟಿದ್ದು."