ದಪ್ಪಗಾದ ರಾಜಕುಮಾರ

ಪೋನಿಮನ್‌ನನ್ನು ನಾನು ಮೊದಲು ಕಂಡದ್ದು ಸುರಬಾಯಾ ನಗರದ ಕಂಪ್ಯೂಟರ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ, 2010ರ ಮಾರ್ಚ್‌ನ ಒಂದು ಸೋಮವಾರ ಬೆಳಿಗ್ಗೆ. ಪದವಿ ಮುಗಿಸಿ ಹಳ್ಳಿಯಿಂದ ಬಂದಿದ್ದ ನನಗೆ ಬಸುಕಿ ಯಜಮಾನರ, ನಮ್ಮ ಮಾತಿನಲ್ಲಿ ಪಾಕ್ ಬಸುಕಿಯವರ, ಅಂಗಡಿಯಲ್ಲಿ ಅದು ಮೊದಲ ದಿನ. ಅಲ್ಲೇ ಕೆಲಸಕ್ಕಿದ್ದ ಪೋನಿಮನ್ ಸ್ಟೂಲಿನ ಮೇಲೆ ಕುಳಿತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗ್ರಾಫಿಕ್ಸ್ ಕಾರ್ಡೊಂದನ್ನು ಉಜ್ಜುತ್ತಿದ್ದ. ಯಾವುದೋ ಸೈಬರ್ ಕೆಫೆಯವರು ಎಸೆದದ್ದು. ಫ್ಯಾನಿನ ಜಿಡ್ಡಿನಲ್ಲಿ ಜಿರಳೆಯ ಕಾಲು ಅಂಟಿತ್ತು. ಉಜ್ಜಿದ ಮೇಲೆ ಪಾಕ್ ಬಸುಕಿ ಅದಕ್ಕೆ ‘1 ಜಿಬಿ’ ಎಂಬ ಹೊಳೆಯುವ ಚೀಟಿ ಅಂಟಿಸಿ ಹೊಸ ಡಬ್ಬದಲ್ಲಿಟ್ಟರು.

“ಹೇಸಿಗೆ ಅನ್ನಿಸ್ತಿದ್ಯಾ ತಮ್ಮಾ?” ಎಂದ ಪೋನಿಮನ್. “ನಂಗೆ ಆರು ವರ್ಷದಿಂದ ಅನ್ನಿಸ್ತಿದೆ.”

ಆ ವ್ಯಾಪಾರವೇ ಹೇಸಿಗೆ. ಅಗಲ ಪರದೆಗೆ, ಎಚ್‌ಡಿ ವಿಡಿಯೋಗೆ ಯಾವ ಕಾರ್ಡು ಎಂದು ಕೇಳಿದವರಿಗೆಲ್ಲ, ಮೆಮೊರಿ ಹೆಚ್ಚಿದ್ದರೆ ಸಾಕು ಎನ್ನುತ್ತಿದ್ದೆವು. ಕಾರ್ಡಿನ ಚಿಪ್ ಆ ವಿಡಿಯೋವನ್ನು ತಾನೇ ಬಿಡಿಸಿ ತಡವರಿಸದೆ ಓಡಿಸಬಲ್ಲುದೇ, ಪರದೆಯ ಅಳತೆಗೆ ಸರಿಯಾಗಿ ಚಿತ್ರ ಕೊಡಬಲ್ಲುದೇ ಎಂದು ನೋಡಬೇಕೆಂಬುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅಂಥವನ್ನು ಮಾರಿದೆ.

ಜುಲೈನಲ್ಲಿ ಬು ಸುಮಿಯಾತಿ, ಅಂದರೆ ಸುಮಿಯಾತಿ ಅಮ್ಮ ಎಂಬ ಗಿರಾಕಿ, ತಮ್ಮ ಕಂಪ್ಯೂಟರ್ ಹೊತ್ತು ತಂದರು. ಅವರ ಗಂಡ ತೊಗಲುಗೊಂಬೆ ಆಡಿಸುತ್ತಿದ್ದವರು. ಮರುದಿನ ಅವರು ತೀರಿಕೊಂಡ ಸಾವಿರನೇ ದಿನದ ಕಾರ್ಯ. ಅವರ ಕೊನೆಯ ಆಟದ ವಿಡಿಯೋವನ್ನು ಬಂಧುಗಳೆದುರು ತೋರಿಸಬೇಕಿತ್ತು.

ಪಾಕ್ ಬಸುಕಿ ಒಂದು ಜಿಬಿಯ ಕಾರ್ಡು ಸಿಕ್ಕಿಸಿದರು. ವಿಡಿಯೋ ಹಾಕಿದಾಗ, ಗೊಂಬೆಯಾಟದ ಸಣ್ಣ ಸೊಂಟದ ರಾಜಕುಮಾರ ಅಡ್ಡಕ್ಕೆ ಹಿಗ್ಗಿ ವಿದೂಷಕನಂತಾಗಿದ್ದ. ಎರಡು ಹೆಜ್ಜೆಗೊಮ್ಮೆ ನಿಂತುಬಿಡುತ್ತಿದ್ದ. ಸತ್ತವರ ದನಿ ಮಾತ್ರ ಮುಂದೆ ಹೋಗುತ್ತಿತ್ತು.

“ಅಗಲ ಪರದೆ ಅಲ್ವಾ ಬು, ಎಲ್ಲಾ ಅಗಲವಾಗೇ ಕಾಣೋದು,” ಎಂದರು ಪಾಕ್ ಬಸುಕಿ.

ನಮ್ಮಲ್ಲಿ ಮರ್ಯಾದಸ್ತರು ಎದುರಿಗಿದ್ದವರ ಮುಖಕ್ಕೆ ಇಲ್ಲ ಎನ್ನುವುದಿಲ್ಲ. ಆಕೆ “ಚೆನ್ನಾಗಿದೆ, ಚೆನ್ನಾಗಿದೆ,” ಎಂದು ತಲೆಬಾಗಿ ಕೈಚೀಲ ಬಿಚ್ಚಿದರು. ಪರದೆಯ ಕಡೆ ನೋಡಲಿಲ್ಲ.

“ಯಜಮಾನ್ರ ಗೊಂಬೆ ಹೀಗೇ ಇತ್ತಾ ಬು?” ಎಂದು ಕೇಳಿದ ಪೋನಿಮನ್.

“ಇಲ್ಲಪ್ಪಾ. ಆ ಸೊಂಟ ಕೊರೆಯೋಕೇ ಅವ್ರು ಎರಡು ದಿನ ತಗೊಂಡಿದ್ರು.”

“ಮತ್ತೆ ಚೆನ್ನಾಗಿದೆ ಅಂತೀರಲ್ಲ. ಈ ಕಾರ್ಡು ಕಸ. ನಾನೇ ಉಜ್ಜಿದ್ದು.”

ಪಾಕ್ ಬಸುಕಿ ನಗುತ್ತಲೇ, “ನಾಳೆಯಿಂದ ಬರಬೇಡ ಪೋನಿಮನ್,” ಎಂದರು.

“ನಾಳೆವರೆಗೂ ಯಾರು ಕಾಯ್ತಾರೆ?”

ಅವನು ಕಾರ್ಡು ಕಿತ್ತಿಟ್ಟು, ಆಕೆಯ ಕಂಪ್ಯೂಟರ್ ಎತ್ತಿಕೊಂಡು ಎದುರಿನ ಅಂಗಡಿಗೆ ನಡೆದ. ಅಲ್ಲಿ ಕಡಿಮೆ ಮೆಮೊರಿಯ, ಆದರೆ ವಿಡಿಯೋ ಬಿಡಿಸಬಲ್ಲ ಚಿಪ್ ಇರುವ ಸಣ್ಣ ಕಾರ್ಡು ಹಾಕಿಸಿದ. ರಾಜಕುಮಾರ ತೆಳ್ಳಗಾಗಿ, ಎಲ್ಲೂ ತಡವರಿಸದೆ ನಡೆದ. ಬು ಸುಮಿಯಾತಿ ಈ ಸಲ ಚೆನ್ನಾಗಿದೆ ಎನ್ನಲಿಲ್ಲ. ಹೆಗಲ ಶಾಲಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಕೀಳದೆ ನೋಡುತ್ತ ನಿಂತರು. ಇದನ್ನೆಲ್ಲ ನಾನು ನಮ್ಮ ಅಂಗಡಿಯ ಒಳಗಿನಿಂದಲೇ ನೋಡಿದೆ. ಆಮೇಲೂ ಎರಡು ವರ್ಷ ಅಲ್ಲೇ ಇದ್ದೆ. ಆ ಬ್ರಷ್ಷು ನನ್ನ ಕೈಗೆ ಬಂತು.

ಪೋನಿಮನ್ ಈಗ ಪಕ್ಕದೂರು ಸಿದೊಆರ್ಜೊದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಾನೆ.