ಬಾಯಿ ತೆರೆಸಿ ನೋಡದ ಡಾಕ್ಟರು

ಅಪ್ಪ ಬಂಡೀಪುರದ ಕಡೆಯ ಕಾಡಂಚಿನಲ್ಲಿ ಫಾರೆಸ್ಟ್ ವಾಚರ್ ಆಗಿದ್ದ. ಹೊಲಕ್ಕೆ ಆನೆ ಇಳಿಯಿತೆಂದರೆ ಪಟಾಕಿ ಸಿಡಿಯುವ ಮೊದಲೇ ಅವನ ಕೂಗು ಊರಿಗೆಲ್ಲ ಕೇಳುತ್ತಿತ್ತು. ಅಂಥವನ ದನಿ ಒಂದು ಬೇಸಿಗೆಯಲ್ಲಿ ಕೆಟ್ಟಿತು. ಶೀತವಿರಲಿಲ್ಲ, ಜ್ವರವಿರಲಿಲ್ಲ, ನೋವೂ ಇರಲಿಲ್ಲ. ದನಿ ಮಾತ್ರ ಗೊರಗೊರ ಎನ್ನುತ್ತಿತ್ತು.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಗಂಡನ ಜೊತೆ ಅಲ್ಲೇ ಬಾಡಿಗೆ ಮನೆ. ಅಪ್ಪ ಫೋನ್ ಮಾಡಿದಾಗ ಯಾರೋ ಹೊರಗಿನವರೆಂದುಕೊಂಡು "ಯಾರು ಬೇಕಿತ್ತು?" ಎಂದು ಕೇಳಿದೆ.

"ನಾನೇ ಕಣಮ್ಮಿ, ನಿಮ್ಮಪ್ಪ. ಕೂಗಿ ಕೂಗಿ ಗಂಟ್ಲು ಕಟ್ಕಂಡದ, ಬುಡು."

"ಡಾಕ್ಟ್ರತ್ರ ಓಗಿದ್ಯಾ?"

"ಓಗಿದ್ದಿ. ಇಂಜೆಕ್ಷನ್ ಕೊಟ್ರು. ಸರಿಯಾಯ್ತದ."

ಆ ಡಾಕ್ಟರು ಗುಂಡ್ಲುಪೇಟೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದವರು. ಕೈಗುಣ ಚೆನ್ನಾಗಿದೆ ಎಂದು ಹೆಸರು, ಸುತ್ತಲ ಹಳ್ಳಿಯವರೆಲ್ಲ ಅಲ್ಲಿಗೇ. ಸ್ಟೂಲಿನ ಮೇಲೆ ಕೂತವನು ತನ್ನ ಕಷ್ಟ ಹೇಳಿ ಮುಗಿಸುವಷ್ಟರಲ್ಲಿ ಸೂಜಿ ಸಿದ್ಧವಾಗಿರುತ್ತಿತ್ತು. ಅಪ್ಪ ಮತ್ತೆ ಮತ್ತೆ ಹೋದ. ಪ್ರತಿ ಸಲವೂ ಇಂಜೆಕ್ಷನ್, ಕೆಂಪು ಸಿರಪ್ಪು, "ಕೂಗ್ಬೇಡಿ" ಎಂಬ ಮಾತು. ಮನೆಯಲ್ಲಿ ಅವ್ವನ ಮೆಣಸಿನ ಕಷಾಯ. ಸೋದರಮಾವ ಬಂದು ಯಾರದೋ ಕಣ್ಣು ಬಿದ್ದಿದೆ ಎಂದು ಒಂದು ತಾಯತ ಕಟ್ಟಿ ಹೋದ. ಅವನ ಕಿವಿಯ ಮೇಲೂ ಬೀಡಿ ಇತ್ತು, ಅಪ್ಪನ ಜೇಬಿನಲ್ಲೂ ಬೀಡಿ ಇತ್ತು. ಅದರ ಮಾತು ಯಾರೂ ಎತ್ತಲಿಲ್ಲ.

ಮಳೆಗಾಲ ಕಳೆಯಿತು. ಆಮೇಲೆ ಬಲಗಿವಿಯಲ್ಲಿ ನೋವು ಶುರುವಾಯಿತು. ಮೆಡಿಕಲ್ ಸ್ಟೋರಿನವನು ಕಿವಿಗೆ ಹನಿ ಔಷಧಿ ಕೊಟ್ಟ. ಕಿವಿ ಸೋರುತ್ತಿರಲಿಲ್ಲ, ಕೇಳಿಸುವುದರಲ್ಲೂ ಏನೂ ಕಮ್ಮಿಯಿರಲಿಲ್ಲ. ಆದರೂ ಅವ್ವ ದಿನಾ ರಾತ್ರಿ ಅವನ ತಲೆ ವಾಲಿಸಿ ಹನಿ ಹಾಕುತ್ತಿದ್ದಳು. ಚಳಿಗಾಲ ಬರುವ ಹೊತ್ತಿಗೆ ಮುದ್ದೆ ನುಂಗಿದರೆ ಕೆಮ್ಮು. ಕೊನೆಗೆ ಅವ್ವನೇ ಫೋನ್ ಮಾಡಿದಳು.

"ಅವ್ನು ಉಸುರು ಎಳ್ಕಂಡ್ರ ಗೊರ್ರ್ ಅಂತದ ಕಣವ್ವ. ನನ್ಗ ಎದ್ರಿಕ ಆಯ್ತದ."

ಮರುದಿನವೇ ಹೋದೆ. ಅಪ್ಪ ಜಗಲಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಪ್ರತಿ ಉಸಿರಿಗೂ ಕತ್ತಿನ ಕುಳಿ ಒಳಗೆ ಸೇದಿಕೊಳ್ಳುತ್ತಿತ್ತು. ಗುಂಡ್ಲುಪೇಟೆಯ ಡಾಕ್ಟರಿಗೇ ಇನ್ನೊಂದು ಸಲ ತೋರಿಸೋಣ ಎಂದು ಪಿಸುಗುಟ್ಟಿದ. ನಾನು ಕೇಳಲಿಲ್ಲ. ಬಾಡಿಗೆ ಕಾರು ಮಾಡಿಸಿ ನೇರ ಮೈಸೂರಿಗೆ ಕರೆದೊಯ್ದೆ.

ಅಲ್ಲಿ ಕಿವಿ, ಮೂಗು, ಗಂಟಲು ನೋಡುವ ಡಾಕ್ಟರು ಒಬ್ಬ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿದರು. ಅಪ್ಪನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಕನ್ನಡಿಯನ್ನು ಗಂಟಲ ಹಿಂದಕ್ಕಿಟ್ಟು "ಈ... ಅನ್ನಿ" ಎಂದರು. ಅಷ್ಟೇ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇದಕ್ಕೆ ಮುಂಚೆ ಯಾರಾದರೂ ಹೀಗೆ ನೋಡಿದ್ದರಾ?" ಎಂದು ಕೇಳಿದರು.

"ಬಾಯಿ ತೆರೆ ಅಂತಲೂ ಯಾರೂ ಅಂದಿಲ್ಲ," ಎಂದೆ.

ಅವರು ನನ್ನನ್ನು ಹೊರಗೆ ಕರೆದು ಹೇಳಿದರು. ದನಿಪೆಟ್ಟಿಗೆಯಲ್ಲಿ ಕ್ಯಾನ್ಸರಿನ ಗೆಡ್ಡೆ ಬೆಳೆದಿತ್ತು. ಉಸಿರಿನ ದಾರಿ ಮುಕ್ಕಾಲು ಮುಚ್ಚಿತ್ತು. ಕಿವಿಯಲ್ಲಿ ಏನೂ ಇರಲಿಲ್ಲ; ಗಂಟಲಿನ ನೋವೇ ನರದ ದಾರಿಯಲ್ಲಿ ಬಂದು ಕಿವಿಯಲ್ಲಿ ಕಾಣಿಸಿಕೊಂಡಿತ್ತು. "ದನಿ ಮೂರು ವಾರ ಕೆಟ್ಟೇ ಇದ್ದರೆ, ಅದರಲ್ಲೂ ಬೀಡಿ ಸೇದೋರಿಗೆ, ಗಂಟಲೊಳಗೆ ಕನ್ನಡಿ ಇಟ್ಟು ನೋಡಲೇಬೇಕು. ದನಿ ಒಡೆದ ಹೊಸದರಲ್ಲೇ ಬಂದಿದ್ದರೆ ಬರೀ ರೇಡಿಯೇಷನ್, ಅದೇ ಜನ ಕರೆಂಟು ಅಂತಾರಲ್ಲ, ಅದನ್ನು ಕೊಟ್ಟು ದನಿ ಉಳಿಸಬಹುದಿತ್ತೇನೋ. ಈಗ ಪೆಟ್ಟಿಗೆಯನ್ನೇ ತೆಗೆಯಬೇಕು."

ಉಸಿರಿಗೆಂದು ಅವತ್ತೇ ಕತ್ತಿನಲ್ಲಿ ತೂತು ಮಾಡಬೇಕಾಯಿತು. ಒಳಗೆ ಕರೆದೊಯ್ಯುವ ಮುಂಚೆ ಅಪ್ಪ ನನ್ನ ಕೈ ಹಿಡಿದು, "ಬಾಳೆ ತೋಟಕ್ಕ ನೀರು ಕಟ್ಟು ಅಂತ ನಿಮ್ಮವ್ವನ್ಗ ಏಳು," ಎಂದ. ಅವನ ಗಂಟಲಿನಿಂದ ನಾನು ಕೇಳಿದ ಕೊನೆಯ ಮಾತು ಅದು. ಆಮೇಲೆ ದೊಡ್ಡ ಆಪರೇಷನ್ ಆಯಿತು, ಕರೆಂಟೂ ಕೊಟ್ಟರು.

ಬದುಕಿಕೊಂಡ. ಆದರೆ ಉಸಿರು ಮೂಗಿಗೆ ಬಾರದ ಮೇಲೆ ವಾಸನೆಯೂ ಹೋಯಿತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಸ್ನಾನಕ್ಕೆ ನಿಂತರೆ ತೂತಿಗೆ ನೀರು ಹೋಗದಂತೆ ಅವ್ವ ಅಂಗೈ ಅಡ್ಡ ಹಿಡಿಯಬೇಕಿತ್ತು. ನೋಡಲು ಬಂದ ನೆಂಟರು ಅವನಿಗೆ ಕಿವಿಯೂ ಕೇಳಿಸುವುದಿಲ್ಲವೆಂದುಕೊಂಡು ಕಿರುಚುತ್ತಿದ್ದರು. "ಊಟ ಆಯ್ತಾ?" ಎಂದು ಮುಖದ ಹತ್ತಿರ ಬಂದು ಅರಚುತ್ತಿದ್ದರು. ಅಪ್ಪ ಸುಮ್ಮನೆ ಗೋಡೆ ನೋಡುತ್ತಿದ್ದ. ನನಗೆ ಒಬ್ಬೊಬ್ಬರನ್ನೂ ಹೊರಗೆ ದಬ್ಬಬೇಕೆನಿಸುತ್ತಿತ್ತು.

ಚೆಕಪ್ಪಿಗೆ ಮೈಸೂರಿಗೆ ಹೋಗಿ ಬರುವಾಗ ಒಂದು ದಿನ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ಅಪ್ಪನನ್ನು ಆ ಕ್ಲಿನಿಕ್ಕಿಗೆ ಕರೆದೊಯ್ದೆ. ಪಾಳಿ ಬಂದಾಗ ಡಾಕ್ಟರು ತಲೆಯೆತ್ತದೆ "ಏನು ತೊಂದರೆ?" ಎಂದರು. ಅಪ್ಪನ ಕತ್ತಿನ ಟವಲ್ಲು ಬಿಚ್ಚಿದೆ.

ಅವರು ನೋಡಿದರು. "ನಾನು ಆಗಲೇ ಮೈಸೂರಿಗೆ ಹೋಗಿ ಅಂದಿದ್ದೆನಲ್ಲಮ್ಮ."

ಅಪ್ಪ ಮೇಜಿನ ಮೇಲೆ ಅಂಗೈ ಬಡಿದು, ಇಲ್ಲ ಎಂದು ತಲೆಯಾಡಿಸಿದ.

"ನೀವು ಅಂದಿರ್ಲಿಲ್ಲ," ಎಂದೆ.

"ಈ ಊರಲ್ಲಿ ಗಂಟಲಿನ ಡಾಕ್ಟರು ಎಲ್ಲಿದ್ದಾರೆ? ದಿನಾ ಇಷ್ಟು ಜನ ಬರ್ತಾರೆ. ಎಲ್ಲರ ಗಂಟಲು ನೋಡ್ತಾ ಕೂತರೆ ಆಗುತ್ತಾ?"

"ಎಲ್ಲರ್ದೂ ಬೇಡ. ಅದೇ ಮನುಷ್ಯ ಅದೇ ದನಿ ಇಟ್ಕೊಂಡು ಮತ್ತೆ ಮತ್ತೆ ಬಂದಾಗ ಒಂದ್ಸಲ ನೋಡ್ಬೋದಿತ್ತು. ನಿಮ್ ಕೈಲಿ ಆಗಲ್ಲ ಅಂದಿದ್ರೂ ಸಾಕಿತ್ತು. ಹಾಗನ್ನೋಕೆ ಯಾವ ಸಾಮಾನೂ ಬೇಕಿರ್ಲಿಲ್ಲ."

ನನ್ನ ದನಿ ಹೊರಗಿನ ಬೆಂಚಿನವರೆಗೂ ಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಮುದುಕನೊಬ್ಬ, "ಡಾಕ್ಟ್ರ ಮ್ಯಾಲ ಕೂಗಾಡ್ಬ್ಯಾಡ ಕಣವ್ವ. ನಾವು ಬೆಳಗಿಂದ ಕಾಯ್ತಾ ಅವಿ," ಎಂದ. ಅವನೂ ಕೆಮ್ಮುತ್ತಿದ್ದ. ಅವನಿಗೂ ಅದೇ ಸೂಜಿ, ಅದೇ ಸಿರಪ್ಪು ಕಾದಿತ್ತು. ಡಾಕ್ಟರ ಮಾತಿಗಿಂತ ಅವನ ಮಾತಿಗೆ ನನ್ನ ಮೈ ಉರಿದುಹೋಯಿತು. ಅಪ್ಪ ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಬಂದ. ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ.

ಗಾಳಿ ನುಂಗಿ ತೇಗಿನಲ್ಲೇ ಮಾತಾಡುವುದನ್ನು ಮೈಸೂರಿನಲ್ಲಿ ಅವನಿಗೆ ಕಲಿಸಿದ್ದರು. ಊರಿನ ಮಕ್ಕಳು ನಗುತ್ತವೆಂದು ಬಹಳ ದಿನ ಬಾಯೇ ತೆರೆಯಲಿಲ್ಲ. ಬರಬರುತ್ತ ಅವ್ವನ ಹತ್ತಿರ "ಬಾ", "ಸಾಕು", "ಉಪ್ಪು" ಎನ್ನತೊಡಗಿದ. ಇಲಾಖೆಯವರು ಚೆಕ್‌ಪೋಸ್ಟಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದ.

ನನ್ನ ಸಿಟ್ಟು ಇಳಿಯಲಿಲ್ಲ. ಯಾರ ದನಿ ಒಡೆದಿದ್ದರೂ ಎಷ್ಟು ದಿನದಿಂದ ಎಂದು ಕೇಳುವುದು ಚಟವಾಯಿತು. ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಸಹೋದ್ಯೋಗಿಯೊಬ್ಬರು ಊರ ನಾಟಕದಲ್ಲಿ ಪಾತ್ರ ಮಾಡುವವರು. ಅವರ ದನಿ ಕೆಟ್ಟು ತಿಂಗಳು ಮೀರಿದಾಗ ಹಿಂದೆ ಬಿದ್ದು ಬೈದು ಮೈಸೂರಿಗೆ ಕಳಿಸಿದೆ. ವಾಪಸ್ಸು ಬಂದವರು ಮುಖ ಸಿಂಡರಿಸಿದರು.

"ಅಂಥದ್ದೇನೂ ಇಲ್ವಂತೆ ಮೇಡಂ. ಕಿರುಚಿ ಕಿರುಚಿ ಸಣ್ಣ ಗಂಟಾಗ್ಬುಟ್ಟದಂತೆ. ಕೂಗ್ದೆ ಇದ್ರ ಕರಗ್ತದಂತೆ. ಸುಮ್ನ ಒಂದಿನ ರಜಾ ದಂಡ ಆಯ್ತು."

"ಕನ್ನಡಿ ಇಟ್ಟು ನೋಡಿದ್ರಾ?" ಎಂದು ಕೇಳಿದೆ.

"ನೋಡುದ್ರು."

"ಹಾಗಾದ್ರೆ ದಂಡ ಅನ್ಬೇಡಿ," ಎಂದೆ. ಮಾತು ಗಟ್ಟಿಯಾಗಿಯೇ ಬಂದಿರಬೇಕು. ಅವರು ಟೀ ಕುಡಿಯಲು ಎದ್ದು ಹೋದರು.