ಕರೆಂಟಿಲ್ಲದೆ ಗಾಳಿ ಹೀರಿದ ಯಂತ್ರ

ನಂಬೋದು ಬಿಡೋದು ನಿಮ್ಮಿಷ್ಟ. ಕಥೆ ಕಟ್ಟುವ ಬುದ್ಧಿ ನನಗಿಲ್ಲ, ಬೈಲಹೊಂಗಲದಲ್ಲಿ ಮಟನ್ ಅಂಗಡಿ ಇಟ್ಟವನು ನಾನು. ಆ ರಾತ್ರಿ ಹೆಂಡತಿ ಶೋಭಾ ಪಕ್ಕದಲ್ಲೇ ಇದ್ದಳು, ಬೇಕಾದರೆ ಅವಳನ್ನೇ ಕೇಳಿ. ಆದರೆ ಈ ಮಾತೆತ್ತಿದರೆ ಎದ್ದು ಹೋಗುತ್ತಾಳೆ...

ಮರುದಿನ ಕಟಕೋಳದಲ್ಲಿ ನನ್ನಕ್ಕನ ಮಗಳ ಮದುವೆಯ ಬೀಗರೂಟ. ಮಟನ್ ಕೊಡುವ ಹೊಣೆ ಸೋದರಮಾವನಾದ ನನ್ನದು. ಹೊಸದಾಗಿ ಒಂದು ಯಂತ್ರ ತಂದಿದ್ದೆ. ಚೀಲದೊಳಗಿನ ಗಾಳಿಯನ್ನು ಸ್ಸ್ಸ್... ಎಂದು ಹೀರಿ, ಟಕ್ ಎಂದು ಬಾಯಿ ಅಂಟಿಸುತ್ತದೆ. ಗಾಳಿ ಇಲ್ಲದಿದ್ದರೆ ಮಾಂಸ ಬೇಗ ಕೆಡುವುದಿಲ್ಲ. ಸಂಜೆಯೇ ಕಡಿದು ಪ್ಯಾಕ್ ಮಾಡಲು ಕೂತೆ.

"ಇನ್ನೂ ಬೆಚ್ಚಗೈತಲ್ರೀ, ಆರಲಿ ತಡೀರಿ," ಎಂದಳು ಶೋಭಾ.

"ಬೆಚ್ಚಗಿದ್ರನ ತಾಜಾ. ನಮ್ಮ ಗಿರಾಕಿ ಮುಟ್ಟಿ ನೋಡೇ ಒಯ್ತಾರಲ್ಲ? ಅಂಗಡಿ ನಂದೋ ನಿಂದೋ?"

"ನಿಮ್ದ ಬಿಡ್ರಿ. ಆ ಮಷೀನಿನ್ಯಾಗ ಮೊದಲ ನಿಮ್ಮ ಬಾಯಿ ಹಾಕಬೇಕು."

ಬೆಚ್ಚಗಿದ್ದದ್ದನ್ನೇ ಅಂಟಿಸಿ ಫ್ರೀಜರಿಗೆ ತುಂಬಿದೆ. ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು... ಬರಲೇ ಇಲ್ಲ.

ನಡುರಾತ್ರಿ ಮುಚ್ಚಳ ತೆಗೆದೆ. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಚೀಲಗಳೆಲ್ಲ ಉಬ್ಬಿದ್ದವು! ಒಂದು ಬಿರಿದು ಹುಳಿ ನಾತ ಹೊಡೆಯುತ್ತಿತ್ತು.

ಕಡಿಯಲು ಇನ್ನೊಂದು ಕುರಿಯಿಲ್ಲ. ಬೀಗರಿಗೆ ಅಕ್ಕ ಹೇಗೆ ಮುಖ ತೋರಿಸಬೇಕು?

"ದೇವರಾಗ್ಲಿ, ದೆವ್ವಾಗ್ಲಿ... ಯಾರರ ಇದನ್ನ ಉಳಿಸ್ರಪಾ!" ಎಂದುಬಿಟ್ಟೆ.

"ಹಂಗ ಅನಬ್ಯಾಡ್ರಿ, ಹೊತ್ತಲ್ಲದ ಹೊತ್ತಿನ್ಯಾಗ!" ಶೋಭಾ ನನ್ನ ಬಾಯಿ ಮುಚ್ಚಿದಳು.

ಶಟರ್ ಎಳೆದು ಅಂಗಡಿಯ ಹಿಂದಿರುವ ನಮ್ಮ ಮನೆಗೆ ಬಂದೆವು. ಮಲಗಿದ್ದೆವಷ್ಟೇ... ಅಂಗಡಿಯಿಂದ ಸದ್ದು.

ಸ್ಸ್ಸ್... ಟಕ್. ಸ್ಸ್ಸ್... ಟಕ್.

"ಕರೆಂಟ್ ಬಂತೇನ್ರೀ?" ಪಿಸುಗುಟ್ಟಿದಳು.

ಬಂದಿರಲಿಲ್ಲ.

ಬೆಳಕು ಹರಿದ ಮೇಲೆಯೇ ಶಟರ್ ಎತ್ತಿದ್ದು. ಬಿರಿದದ್ದೂ ಸೇರಿ ಚೀಲಗಳೆಲ್ಲ ಚಪ್ಪಟೆ! ನಾನು ಹಾಕಿದ ಅಂಟಿನ ಗೆರೆಯ ಕೆಳಗೆ ಇನ್ನೊಂದು ಗೆರೆ. ಮುಟ್ಟಿದರೆ ಮಂಜುಗಡ್ಡೆ. ಒಂದನ್ನು ಕತ್ತರಿಸಿದೆ. ನಾತವಿಲ್ಲ. ಗಾಳಿ ತಾಗುತ್ತಿದ್ದಂತೆ ಕಪ್ಪಗಿದ್ದ ಮಾಂಸ ಈಗಷ್ಟೇ ಕಡಿದಂತೆ ಕೆಂಪಾಯಿತು...

ಅಷ್ಟರಲ್ಲಿ ಅಕ್ಕನ ಫೋನು. "ಖಂಡ ಹೊಂಟಿತೇನೋ ತಮ್ಮಾ? ಒಲಿ ಹಚ್ಚೇವಿ."

ಶೋಭಾ ಬೇಡವೆಂದು ತಲೆಯಾಡಿಸಿದಳು. ಪ್ಯಾಕ್ ಮಾಡಿದವರು ಯಾರೆಂದೇ ಗೊತ್ತಿಲ್ಲದ್ದನ್ನು ಬೀಗರ ಎಲೆಗೆ ಹಾಕುವುದು ಹೇಗೆ?

"ಯಕ್ಕಾ... ಖಂಡ ಕೆಟ್ಟೈತಿ. ಬರೂದಿಲ್ಲ."



"ಬೀಗರ ಮುಂದ ನನ್ನ ಮಾನ ಕಳದ್ಯಲ್ಲೋ," ಎಂದು ಅಕ್ಕ ಫೋನಿಟ್ಟಳು. ಇವತ್ತಿಗೂ ನಮ್ಮ ಹೊಸ್ತಿಲು ತುಳಿದಿಲ್ಲ.

ಎಲ್ಲವನ್ನೂ ಹಿತ್ತಲಲ್ಲಿ ಆಳಕ್ಕೆ ಹೂತೆ. ಓಣಿಯ ನಾಯಿಗಳು ಬಂದವು, ಮೂಸಿದವು, ಬಾಲ ಮುದುರಿಕೊಂಡು ಹೋದವು.

ಯಂತ್ರದ ವಯರ್ ಕತ್ತರಿಸಿ ಮೂಲೆಗೆಸೆದೆ. ಮೊನ್ನೆ ರಾತ್ರಿ ಮತ್ತೆ ಕರೆಂಟ್ ಹೋಯಿತು. ಅಂಗಡಿಯಲ್ಲಿ ಒಂದು ಚೂರು ಮಾಂಸವಿಲ್ಲ. ಆದರೂ...

ಸ್ಸ್ಸ್... ಟಕ್.

ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದೆ. ಹೂತ ಜಾಗದ ಮಣ್ಣು ಬಿಗಿಯಾಗಿ ಒಳಕ್ಕೆ ಇಳಿದಿತ್ತು, ಕೆಳಗಿನಿಂದ ಯಾರೋ ಗಾಳಿಯನ್ನೆಲ್ಲ ಹೀರಿದಂತೆ. ಅಗೆದು ನೋಡುವ ಧೈರ್ಯ ನನಗಿಲ್ಲ...